ಡಿಸ್ಕ್ ಕೀಲಿಯನ್ನು ಸ್ಟೀಲ್ ತಗಡಿಗೆ ಇಳಿಸಿದ್ದು: ಪಂಚ್, ಸುತ್ತಿಗೆ, ಇದ್ದಿಲ ಬೆಂಕಿ

ನಮ್ಮ ಮನೆಯ ಫೋಟೊಗಳು, ಊರಿನ ಜಮೀನಿನ ಪತ್ರಗಳ ಸ್ಕ್ಯಾನ್, ಅಮ್ಮನ ಆಸ್ಪತ್ರೆ ದಾಖಲೆ, ವಿಮೆಯ ಕಾಗದ, ಎಲ್ಲವೂ ಎರಡು ಡಿಸ್ಕ್‌ಗಳಲ್ಲಿವೆ. ಎರಡನ್ನೂ ಲಿನಕ್ಸ್‌ನ ಲಕ್ಸ್ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿದ್ದೇನೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಬೀಗ ಹಾಕಿದ್ದೇನೆ. ಪಾಸ್‌ವರ್ಡ್ ಗೊತ್ತಿರುವುದು ನನಗೊಬ್ಬನಿಗೆ. ನನಗೆ ಏನಾದರೂ ಆದರೆ, ಅಥವಾ ಸುಮ್ನೆ ಮರೆತೇ ಹೋದರೆ, ಆ ಡಿಸ್ಕ್ ತೆರೆಯಲು ಯಾರಿಂದಲೂ ಆಗುವುದಿಲ್ಲ. ಬೀಗದವನನ್ನು ಕರೆಸಿ ಒಡೆಸುವ ಹಾಗಿಲ್ಲ, ಅಂಗಡಿಗೆ ಕೊಟ್ಟು ಬಿಡಿಸಿಕೊಂಡು ಬರುವ ಹಾಗೂ ಇಲ್ಲ. ಹಾಗಾಗಿ ಒಂದು ತುರ್ತು ಕೀಲಿ ಮಾಡಿ, ಅದನ್ನು ಸ್ಟೀಲ್ ತಗಡಿನ ಮೇಲೆ ಹೊಡೆದು, ಎರಡು ಊರಲ್ಲಿ ಇಟ್ಟಿದ್ದೇನೆ. ಕ್ರಿಪ್ಟೊ ವಾಲೆಟ್‌ನ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದ ಕೀಲಿ ಇರುವ ಜಾಗ) ರಿಕವರಿ ಪದಗಳಿಗೂ, ಅಂದರೆ ಅದನ್ನು ಮತ್ತೆ ತೆರೆಯಲು ಬೇಕಾದ ಪದಗಳಿಗೂ, ಪಾಸ್‌ವರ್ಡ್ ಮ್ಯಾನೇಜರ್‌ನ ಮುಖ್ಯ ಪಾಸ್‌ವರ್ಡ್‌ಗೂ ಇದೇ ದಾರಿ ನಡೆಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ತಗಡು ನಿಜವಾಗಿ ಬೇಕಾಗುವ ದಿನ ಅದನ್ನು ಓದುವವರು ನಾನಾಗಿರುವುದಿಲ್ಲ. ಪಕ್ಕದಲ್ಲಿ ಕೂತು ವಿವರಿಸಲು ನಾನು ಇರುವುದಿಲ್ಲ. ಲೋಹ ಯಾವುದು, ಅಕ್ಷರ ಎಷ್ಟು ದೊಡ್ಡದು, ಎಲ್ಲಿಡಬೇಕು, ಎಲ್ಲವನ್ನೂ ಇದನ್ನು ಇಟ್ಟುಕೊಂಡೇ ತೀರ್ಮಾನಿಸಿದೆ.

ಮೊದಲು ಯಾವುದರ ಮೇಲೆ ಬರೆಯಬೇಕು ಅನ್ನುವುದು. ಪೆನ್‌ಡ್ರೈವ್ ಬೇಡವೇ ಬೇಡ. ಅದರಲ್ಲಿ ಮಾಹಿತಿ ಉಳಿಯುವುದು ಸಣ್ಣ ಸಣ್ಣ ವಿದ್ಯುತ್ ಚಾರ್ಜ್‌ಗಳಾಗಿ, ಕರೆಂಟ್ ಕಾಣದೆ ವರ್ಷಗಟ್ಟಲೆ ಬಿದ್ದಿದ್ದರೆ ಅದು ನಿಧಾನವಾಗಿ ಸೋರುತ್ತದೆ. ಬರೆಯುವ ಸಿಡಿಗಳಲ್ಲಿ ಇರುವುದು ಬಣ್ಣದ ಪದರ, ಅದೂ ಕೆಡುತ್ತದೆ. ಬಿಲ್ ಬರುತ್ತದಲ್ಲ, ಆ ಥರ್ಮಲ್ ಕಾಗದ ಬೀರುವಿನಲ್ಲಿಟ್ಟರೂ ಅಳಿಸಿಹೋಗುತ್ತದೆ, ಬಿಸಿಯಾದರೆ ಕಪ್ಪಾಗುತ್ತದೆ. ಇಂಕ್‌ಜೆಟ್ ಮುದ್ರಣ ನೀರಿಗೆ ಕರಗುತ್ತದೆ. ಒಳ್ಳೆಯ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದದ್ದು ಇವೆಲ್ಲಕ್ಕಿಂತ ಮೇಲು, ಗ್ರಾಫೈಟ್ ಮಾಸುವುದಿಲ್ಲ. ಆದರೆ ಗೆದ್ದಲಿಗೆ, ಬೆಂಕಿಗೆ, ನೀರಿಗೆ ಕಾಗದ ನಿಲ್ಲುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಮನೆಗಳ ನೆಲಮಹಡಿಗೆ ನೀರು ನುಗ್ಗಿದ್ದನ್ನು ಬೆಂಗಳೂರಿನವರು ಮರೆತಿಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ ಕಾಗದ ಇಟ್ಟಿದ್ದವರ ಪಾಡು ಏನಾಗಿರಬೇಕು ಯೋಚಿಸಿ.

ಲೋಹದಲ್ಲೂ ವ್ಯತ್ಯಾಸ ಇದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮನೆಗೆ ಬೆಂಕಿ ಬಿದ್ದರೆ ಕೋಣೆಯ ಬಿಸಿ ಅದನ್ನು ಸುಲಭವಾಗಿ ದಾಟಬಹುದು. ತಾಮ್ರ 1085 ಡಿಗ್ರಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕರಗಲು 1400ರಿಂದ 1450 ಡಿಗ್ರಿ ಬೇಕು. ಟೈಟಾನಿಯಂ ಇನ್ನೂ ಮೇಲೆ, ಆದರೆ ಬೆಲೆಯೂ ಮೇಲೆ, ನಮಗೆ ಅಗತ್ಯವಿಲ್ಲ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ತುಕ್ಕಿನಿಂದ ಕಾಪಾಡುವುದು ಮುಖ್ಯವಾಗಿ ಆ ಕ್ರೋಮಿಯಂ. ಬೆಂಗಳೂರು, ಹಾಸನ ಕಡೆ ಇಡುವುದಾದರೆ 304 ಸಾಕು. ಮಂಗಳೂರು, ಕಾರವಾರದಲ್ಲಿ ಇಡುವವರು 316 ತೆಗೆದುಕೊಳ್ಳಿ. ಉಪ್ಪುಗಾಳಿಗೆ 304ರಲ್ಲಿ ಸಣ್ಣ ಗುಳಿಗಳು ಬೀಳುತ್ತವೆ, 316ರಲ್ಲಿರುವ ಮಾಲಿಬ್ಡಿನಂ ಅದನ್ನು ಬಹಳ ಮಟ್ಟಿಗೆ ತಡೆಯುತ್ತದೆ.

ಇನ್ನು ಬರೆಯಬೇಕಾದದ್ದು ಏನು? ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಕಲಸಿದ ಪಾಸ್‌ವರ್ಡ್ ಅನ್ನು ಲೋಹದ ಮೇಲೆ ಹೊಡೆದರೆ ಓದುವವರಿಗೆ ಕಷ್ಟ. ಇಂಗ್ಲಿಷಿನ ‘ಓ’ ಅಕ್ಷರವೋ ಸೊನ್ನೆಯೋ, ‘ಐ’ ಅಕ್ಷರವೋ ಒಂದೋ ಅಂತ ಪರದಾಡಬೇಕು. ಅದಕ್ಕೇ ಪದಗಳೇ ಮೇಲು. ಬಿಟ್‌ಕಾಯಿನ್ ಲೋಕದವರು 2013ರಲ್ಲಿ ಬಿಐಪಿ-39 ಅಂತ ಒಂದು ಪದ್ಧತಿ ಮಾಡಿದ್ದಾರೆ. ಅದರಲ್ಲಿ 2048 ಇಂಗ್ಲಿಷ್ ಪದಗಳ ಪಟ್ಟಿ ಇದೆ. ಆ ಪಟ್ಟಿಯ ಚೆಂದ ಏನೆಂದರೆ ಪ್ರತಿ ಪದದ ಮೊದಲ ನಾಲ್ಕು ಅಕ್ಷರ ನೋಡಿದರೆ ಸಾಕು, ಪದ ಯಾವುದೆಂದು ಗೊತ್ತಾಗುತ್ತದೆ. ಅಂದರೆ 12 ಪದಕ್ಕೆ ಹೆಚ್ಚೆಂದರೆ 48 ಅಕ್ಷರ ಹೊಡೆದರೆ ಮುಗಿಯಿತು. ಪ್ರತಿ ಪದ 11 ಬಿಟ್ (ಒಂದು ಬಿಟ್ ಅಂದರೆ 0 ಅಥವಾ 1), ಒಟ್ಟು 132. ಅದರಲ್ಲಿ 128 ಬಿಟ್ ನಿಜವಾದ ಗುಟ್ಟು, ಉಳಿದ 4 ಬಿಟ್ ಓದಿದ್ದು ಸರಿಯಿದೆಯಾ ಅಂತ ನೋಡಲು. ಒಂದು ಪದ ತಪ್ಪಾಗಿ ಓದಿದರೆ 16ಕ್ಕೆ 15 ಸಲ ಅಲ್ಲೇ ಸಿಕ್ಕಿಬೀಳುತ್ತದೆ. 24 ಪದದ್ದಾದರೆ ಪರೀಕ್ಷೆಗೆ 8 ಬಿಟ್ ಇರುತ್ತದೆ, ತಪ್ಪು ತಪ್ಪಿಸಿಕೊಳ್ಳುವುದು 256ಕ್ಕೆ ಒಂದು ಸಲ.

ನನಗೆ ವಾಲೆಟ್ ಬೇಕಿರಲಿಲ್ಲ, ಪದಪಟ್ಟಿ ಮಾತ್ರ ಬೇಕಿತ್ತು. ಲೈವ್ ಯುಎಸ್‌ಬಿಯಿಂದ (ಆಪರೇಟಿಂಗ್ ಸಿಸ್ಟಂ ಇರುವ ಪೆನ್‌ಡ್ರೈವ್) ಲ್ಯಾಪ್‌ಟಾಪ್ ಬೂಟ್ ಮಾಡಿ, ವೈಫೈ ಆಫ್ ಮಾಡಿ, 12 ಪದ ಹುಟ್ಟಿಸಿದೆ. ಲಕ್ಸ್‌ನಲ್ಲಿ ಒಂದೇ ಡಿಸ್ಕ್‌ಗೆ ಹಲವು ಕೀಲಿ ಇಡಬಹುದು. ಹಳೆಯ ಲಕ್ಸ್‌-1ರಲ್ಲಿ 8 ಜಾಗ, ಲಕ್ಸ್‌-2ರಲ್ಲಿ 32. ಲಕ್ಸ್ ನಿರ್ವಹಿಸುವ ಕ್ರಿಪ್ಟ್‌ಸೆಟಪ್ ತಂತ್ರಾಂಶದ ಲಕ್ಸ್‌ಆ್ಯಡ್‌ಕೀ ಆದೇಶ ಕೊಟ್ಟು ಈ 12 ಪದವನ್ನು ಇನ್ನೊಂದು ಕೀಲಿಯಾಗಿ ಸೇರಿಸಿದೆ. ನಾನು ದಿನಾ ಬಳಸುವ ಪಾಸ್‌ವರ್ಡ್ ಹಾಗೇ ಇದೆ. ಅದನ್ನು ನಾಳೆ ಬದಲಿಸಿದರೂ ತಗಡಿನ ಮೇಲಿನ ಕೀಲಿ ಹಳತಾಗುವುದಿಲ್ಲ. ಇದು ನನಗೆ ತುಂಬ ಹಿಡಿಸಿದ ವಿಷಯ. ಲೋಹದ ಮೇಲೆ ಬರೆಯುವುದು ಬದಲಾಗದ ವಸ್ತುವನ್ನು ಮಾತ್ರ. ಗೂಗಲ್ ಕೊಡುವ 8 ಅಂಕಿಯ 10 ಬ್ಯಾಕಪ್ ಕೋಡ್‌ಗಳಂಥವು ಒಂದು ಸಲ ಬಳಸಿದರೆ ಮುಗಿದವು, ಹೊಸ ಸೆಟ್ ತೆಗೆದರೆ ಹಳೆಯದು ರದ್ದು. ಅವಕ್ಕೆ ಪೆನ್ಸಿಲ್, ಕಾಗದವೇ ಸರಿ.

ವಿಂಡೋಸ್ ಬಳಸುವವರಿಗೆ ಇಲ್ಲೇ ಒಂದು ಉಪಯೋಗದ ಮಾತು. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ 48 ಅಂಕಿ, ಆರಾರು ಅಂಕಿಯ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ಸರಿಯಾಗಿ ಭಾಗವಾಗುತ್ತದೆ! ಹೊಡೆದ ಮೇಲೆ ಕ್ಯಾಲ್ಕುಲೇಟರ್ ಹಿಡಿದು ಒಂದೊಂದೇ ಗುಂಪನ್ನು 11ರಿಂದ ಭಾಗಿಸಿ ನೋಡಿ. ಶೇಷ ಉಳಿದರೆ ಆ ಗುಂಪಿನಲ್ಲಿ ತಪ್ಪಿದೆ ಅಂತಲೇ ಲೆಕ್ಕ. ಭಾವನ ಲ್ಯಾಪ್‌ಟಾಪ್‌ನ ಕೀಲಿಯನ್ನು ಹೀಗೇ ನೋಡಿ ಹೊಡೆದುಕೊಟ್ಟೆ.

ತಗಡಿಗೆ ಪೀಣ್ಯಕ್ಕೆ ಹೋದೆ. ಅಲ್ಲಿ ಲೇಸರ್ ಕಟಿಂಗ್ ಮಾಡುವ ಶೆಡ್‌ಗಳು ಸಾಕಷ್ಟಿವೆ, ಡ್ರಾಯಿಂಗ್ ಕೊಟ್ಟರೆ ಸಣ್ಣ ಕೆಲಸವನ್ನೂ ಮಾಡಿಕೊಡುತ್ತಾರೆ. ಅಳತೆ 100 × 70 ಮಿ.ಮೀ., ದಪ್ಪ 2 ಮಿ.ಮೀ. ಒಂದು ತಗಡು ಸುಮಾರು 110 ಗ್ರಾಂ ತೂಗುತ್ತದೆ. ನಾಲ್ಕು ಮೂಲೆಗೂ 5.5 ಮಿ.ಮೀ. ತೂತು. ಮೇಲಿನ ಎಡ ಮೂಲೆಯನ್ನು ಮಾತ್ರ ಓರೆಯಾಗಿ ಕತ್ತರಿಸಲು ಹೇಳಿದೆ. ಇದು ಅಲಂಕಾರಕ್ಕಲ್ಲ. ಅಂಕಿಯ ಪಂಚ್ (ತುದಿಯಲ್ಲಿ ಅಕ್ಷರ ಅಥವಾ ಅಂಕಿ ಇರುವ, ಸುತ್ತಿಗೆಯಿಂದ ಹೊಡೆದು ಅಚ್ಚೊತ್ತುವ ಉಕ್ಕಿನ ತುಂಡು) ಸೆಟ್‌ನಲ್ಲಿ 6 ಮತ್ತು 9ಕ್ಕೆ ಒಂದೇ ಪಂಚ್ ಇರುತ್ತದೆ, ತಿರುಗಿಸಿ ಹೊಡೆಯಬೇಕು. ತಗಡನ್ನು ಯಾವ ಕಡೆಯಿಂದ ಓದಬೇಕು ಎಂದು ಗೊತ್ತಾಗದಿದ್ದರೆ 6 ಯಾವುದು, 9 ಯಾವುದು ಎಂದೂ ಗೊತ್ತಾಗುವುದಿಲ್ಲ. ಕತ್ತರಿಸಿದ ಮೂಲೆ ಎಡಗಡೆ ಮೇಲೆ ಬಂದರೆ ನೇರ.

ಸ್ಟೀಲ್ ಕೊಳ್ಳುವಾಗ ಎಚ್ಚರ. ಅಯಸ್ಕಾಂತ ಅಂಟಲಿಲ್ಲ, ಹಾಗಾಗಿ ಇದು 304 ಅಂತ ಕೆಲವರು ಹೇಳುತ್ತಾರೆ. 202 ದರ್ಜೆಯ ಅಗ್ಗದ ತಗಡಿಗೂ ಅಯಸ್ಕಾಂತ ಅಂಟುವುದಿಲ್ಲ. ಅದರಲ್ಲಿ ನಿಕಲ್ ಕಡಿಮೆ ಹಾಕಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ, ತುಕ್ಕಿಗೆ ಅಷ್ಟು ನಿಲ್ಲುವುದಿಲ್ಲ. ಒಂದು ಹನಿ ದ್ರಾವಣ ಬಿಟ್ಟು ಬ್ಯಾಟರಿ ತಾಗಿಸಿ ಬಣ್ಣ ನೋಡುವ ಪರೀಕ್ಷೆ ಇದೆ, ಸ್ಟೀಲ್ ವ್ಯಾಪಾರದವರ ಹತ್ತಿರ ಇರುತ್ತದೆ, ಮಾಡಿಸಿಯೇ ತೆಗೆದುಕೊಳ್ಳಿ. ಬೋಲ್ಟುಗಳೂ ಸ್ಟೇನ್‌ಲೆಸ್ ಆಗಿರಲಿ. ತಲೆಯ ಮೇಲೆ ಎ2-70 ಎಂದು ಇದ್ದರೆ ಅದು 304ರ ಜಾತಿ, ಎ4 ಎಂದಿದ್ದರೆ 316ರ ಜಾತಿ. ನಾನು ಎಂ-5 ಬೋಲ್ಟ್ ಹಾಕಿದೆ. ನೈಲಾನ್ ಉಂಗುರ ಇರುವ ನಟ್ ಬೇಡ, ಬೆಂಕಿಯಲ್ಲಿ ಅದು ಕರಗಿ ಮೆತ್ತಿಕೊಳ್ಳುತ್ತದೆ.

ಅಕ್ಷರ ಹೊಡೆದ ತಗಡಿನ ಮೇಲೊಂದು, ಕೆಳಗೊಂದು ಖಾಲಿ ತಗಡು ಮುಚ್ಚಳದ ಹಾಗೆ ಬರುತ್ತದೆ. ನಡುವೆ ನಾಲ್ಕೂ ಮೂಲೆಗೆ ವಾಷರ್. ಈ ಉಪಾಯವನ್ನು ನಾನು ತೆಗೆದುಕೊಂಡಿದ್ದು ನಮ್ಮ ತಾಮ್ರಶಾಸನಗಳಿಂದ. ಹಳೆಯ ತಾಮ್ರಪಟಗಳನ್ನು ಮ್ಯೂಸಿಯಂನಲ್ಲಿ ನೋಡಿದರೆ ಎಷ್ಟೋ ಪಟಗಳ ಅಂಚು ಸ್ವಲ್ಪ ಎತ್ತರವಾಗಿರುವುದು ಕಾಣುತ್ತದೆ. ಒಂದರ ಮೇಲೊಂದು ಇಟ್ಟಾಗ ಬರಹ ಉಜ್ಜಿಹೋಗದಿರಲಿ ಎಂದು ಹಾಗೆ ಮಾಡುತ್ತಿದ್ದರು. ತೂತಿನಲ್ಲಿ ಬಳೆ ಪೋಣಿಸಿ ಮುದ್ರೆ ಹಾಕುತ್ತಿದ್ದರು, ಹಾಳೆ ಕಳೆಯುವ ಹಾಗಿಲ್ಲ, ನಡುವೆ ಇನ್ನೊಂದು ಸೇರಿಸುವ ಹಾಗೂ ಇಲ್ಲ. ಸಾವಿರ ವರ್ಷ ದಾಟಿದ ಪಟಗಳನ್ನು ಇವತ್ತೂ ಓದುತ್ತಿದ್ದೇವೆ ಅಂದರೆ ಆ ಕುಶಲಕರ್ಮಿಗಳ ಕೆಲಸಕ್ಕೆ ಕೈಮುಗಿಯಬೇಕು. ನನ್ನ ವಾಷರ್ ಆ ಅಂಚಿನ ಕೆಲಸ ಮಾಡುತ್ತದೆ.

ಪಂಚ್ ಸೆಟ್ ಎಸ್‌.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ಇಂಗ್ಲಿಷ್ ಅಕ್ಷರದ್ದು 27 ಪೀಸ್, 26 ಅಕ್ಷರ ಮತ್ತು ಒಂದು ‘ಆ್ಯಂಡ್’ ಗುರುತು (&). ಅಂಕಿಯದ್ದು 9 ಪೀಸ್. 3 ಮಿ.ಮೀ. ಅಕ್ಷರ ತಂದೆ, ವಯಸ್ಸಾದವರಿಗೂ ಕನ್ನಡಕ ಹಾಕಿಕೊಂಡು ಓದಲು ಬರುತ್ತದೆ.

ಹೊಡೆಯುವ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಕೆಳಗಿನ ಆಧಾರ. ಮೇಜಿನ ಮೇಲೆ ಇಟ್ಟು ಹೊಡೆದರೆ ಏಟೆಲ್ಲ ಮೇಜೇ ನುಂಗುತ್ತದೆ, ಅಕ್ಷರ ಆಳಕ್ಕೆ ಇಳಿಯುವುದಿಲ್ಲ. ರೈಲ್ವೆ ಕಂಬಿಯ ಒಂದು ತುಂಡನ್ನು ಅಡಿಗಲ್ಲಾಗಿ ಬಳಸಿದೆ, ಅದನ್ನು ನೇರ ನೆಲದ ಕಾಂಕ್ರೀಟ್ ಮೇಲೆ ಇಟ್ಟೆ. ಸುತ್ತಿಗೆ ಒಂದು ಕೆ.ಜಿ.ಯದ್ದು. ಸ್ಟೇನ್‌ಲೆಸ್ ಸ್ಟೀಲ್‌ಗೆ ಒಂದು ಗುಣ ಇದೆ, ಏಟು ಬಿದ್ದಷ್ಟೂ ಆ ಜಾಗ ಗಟ್ಟಿಯಾಗುತ್ತದೆ. ಹಾಗಾಗಿ ಮೆಲ್ಲಗೆ ನಾಲ್ಕು ಏಟು ಹಾಕುವುದಕ್ಕಿಂತ ನೇರವಾಗಿ ಹಿಡಿದು ಜೋರಾಗಿ ಒಂದೇ ಏಟು ಹಾಕಬೇಕು. ಎರಡನೇ ಏಟಿಗೆ ಪಂಚ್ ಅರ್ಧ ಮಿ.ಮೀ. ಜಾರಿದರೂ ಅಕ್ಷರ ಜೋಡಿಯಾಗಿ ಕಾಣುತ್ತದೆ. ಮೊದಲು ಖಾಲಿ ತುಂಡಿನ ಮೇಲೆ ಅಕ್ಷರಮಾಲೆ ಪೂರ್ತಿ ಹೊಡೆದು ಕೈ ಪಳಗಿಸಿಕೊಳ್ಳಿ. ಅಭ್ಯಾಸದ ತುಂಡಿನ ಮೇಲೆ ನಿಮ್ಮ ನಿಜವಾದ ಪದ ಒಂದನ್ನೂ ಹೊಡೆಯಬೇಡಿ.

ಸಾಲು ಸೊಟ್ಟಗಾಗದಿರಲು ಒಂದು ಚಪ್ಪಟೆ ಪಟ್ಟಿಯನ್ನು ಕ್ಲ್ಯಾಂಪ್ ಮಾಡಿ, ಪಂಚ್ ಅನ್ನು ಅದಕ್ಕೆ ಒತ್ತಿ ಹಿಡಿದು ಹೊಡೆದೆ. ಅಕ್ಷರದಿಂದ ಅಕ್ಷರಕ್ಕೆ 5 ಮಿ.ಮೀ., ಸಾಲಿಂದ ಸಾಲಿಗೆ 8 ಮಿ.ಮೀ. ಎಡಗಡೆ 1ರಿಂದ 6, ಬಲಗಡೆ 7ರಿಂದ 12. ಪ್ರತಿ ಪದದ ಮುಂದೆ ಅದರ ಸಂಖ್ಯೆ, ಯಾಕೆಂದರೆ ಪದ ಎಲ್ಲ ಸಿಕ್ಕರೂ ಕ್ರಮ ತಪ್ಪಿದರೆ ಕೀಲಿ ತೆರೆಯುವುದಿಲ್ಲ. ಪಟ್ಟಿಯಲ್ಲಿ ಮೂರೇ ಅಕ್ಷರದ ಪದಗಳೂ ಇವೆ. ಅಲ್ಲಿ ನಾಲ್ಕನೆಯ ಜಾಗ ಖಾಲಿ ಬಿಟ್ಟರೆ ಅಕ್ಷರ ಸವೆದುಹೋಗಿದೆಯೋ ಅಂತ ಓದುವವರಿಗೆ ಅನುಮಾನ ಬರುತ್ತದೆ. ಅಲ್ಲಿಗೆ ಆ ಇಪ್ಪತ್ತೇಳನೆಯ ‘ಆ್ಯಂಡ್’ ಪಂಚ್ ಹೊಡೆದೆ.

ಹೊಡೆಯುತ್ತಾ ಹೋದಂತೆ ತಗಡು ಬಿಲ್ಲಿನಂತೆ ಬಾಗುತ್ತದೆ. ಅಕ್ಷರ ಇಳಿದ ಕಡೆ ಲೋಹ ಹಿಗ್ಗಿ ಆ ಮೈ ಉಬ್ಬುತ್ತದೆ. ಗಾಬರಿಯಾಗಬೇಡಿ. ಮರದ ಹಲಗೆಯ ಮೇಲೆ ಇಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ನೇರವಾಗುತ್ತದೆ. ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು. ಪಂಚ್ ಕೂಡ ಗಟ್ಟಿ, ಸುತ್ತಿಗೆಯೂ ಗಟ್ಟಿ, ಚೂರು ಸಿಡಿಯುವ ಸಾಧ್ಯತೆ ಇದೆ. ಶಬ್ದವೂ ಜಾಸ್ತಿ, ಅಪಾರ್ಟ್‌ಮೆಂಟಿನವರು ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿ ಶುರುಮಾಡಿ.

ಸುತ್ತಿಗೆ ಎತ್ತಲು ಆಗದವರು ಪಾತ್ರೆ ಅಂಗಡಿಯಲ್ಲಿ ಹೆಸರು ಬರೆಯುತ್ತಾರಲ್ಲ, ಆ ಕರೆಂಟಿನ ಪೆನ್ನು ಕೊಳ್ಳಬಹುದು. ಆಳ ಕಡಿಮೆ, ಆದರೂ ಕೆಲಸ ನಡೆಯುತ್ತದೆ. ನಮ್ಮ ಮನೆಯ ಹಳೆಯ ಸ್ಟೀಲ್ ಲೋಟಗಳ ಮೇಲೆ ಅಜ್ಜಿಯ ಹೆಸರು ಇವತ್ತೂ ಸ್ಪಷ್ಟವಾಗಿದೆ. ಆದರೆ ಪೆನ್ನನ್ನು ಮನೆಗೆ ತಂದು ನೀವೇ ಬರೆಯಿರಿ. ಗುಟ್ಟಿನ ಪದಗಳನ್ನು ಅಂಗಡಿಯವರ ಕೈಗೆ ಕೊಟ್ಟ ಮೇಲೆ ಅದು ಗುಟ್ಟಲ್ಲ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಉಪ್ಪುನೀರು ಮತ್ತು ಬ್ಯಾಟರಿ ಹಾಕಿ ಕೊರೆಯುವ ವಿಧಾನವನ್ನು ನಾನು ಬೇಡ ಅನ್ನುತ್ತೇನೆ. ಸ್ಟೇನ್‌ಲೆಸ್ ಅನ್ನು ಹಾಗೆ ಕರಗಿಸಿದಾಗ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ಆಗಬಹುದು, ಆ ನೀರನ್ನು ಸಿಂಕಿಗೆ ಸುರಿಯುವಂತಿಲ್ಲ.

ಮುಂದಿನದು ಬೆಂಕಿ ಪರೀಕ್ಷೆ. ಅಕ್ಷರಮಾಲೆ ಹೊಡೆದ ಅಭ್ಯಾಸದ ತಗಡು, ಲೇಸರ್‌ನಿಂದ ಕಪ್ಪಗೆ ಗುರುತು ಮಾಡಿಸಿದ ಒಂದು ಸ್ಟೀಲ್ ತುಂಡು, ಒಂದು ಅಲ್ಯೂಮಿನಿಯಂ ತುಂಡು, ಮೂರನ್ನೂ ಟೆರೇಸಿನಲ್ಲಿ ಇದ್ದಿಲ ಒಲೆಗೆ ಹಾಕಿ ಹೇರ್ ಡ್ರೈಯರ್‌ನಿಂದ ಗಾಳಿ ಕೊಟ್ಟೆ. ಇದ್ದಿಲಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಕೋಣೆಯೊಳಗೆ ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಅಲ್ಯೂಮಿನಿಯಂ ಮೆತ್ತಗಾಗಿ ಕುಸಿಯಿತು. ಸ್ಟೀಲ್ ಕೆಂಪಗೆ ಕಾದ ಮೇಲೆ ಬಕೆಟ್ ನೀರಿಗೆ ಹಾಕಿದೆ, ಅಗ್ನಿಶಾಮಕದವರು ನೀರು ಹಾಯಿಸಿದ ಹಾಗೆ. ಲೇಸರ್ ಗುರುತು ಹೆಚ್ಚುಕಡಿಮೆ ಕಾಣದಾಯಿತು. ಅದಕ್ಕೆ ಕಾರಣ ಇದೆ, ಆ ಕಪ್ಪು ಗುರುತು ಮೇಲ್ಮೈಯ ಆಕ್ಸೈಡ್ ಪದರ ಮಾತ್ರ, ಬೆಂಕಿಯಲ್ಲಿ ಇಡೀ ತಗಡೇ ಕಪ್ಪಾದರೆ ಗುರುತು ಅದರಲ್ಲಿ ಕರಗಿಹೋಗುತ್ತದೆ. ಪಂಚ್ ಹೊಡೆದದ್ದು ತಂತಿ ಬ್ರಶ್‌ನಿಂದ ಉಜ್ಜಿದ ಮೇಲೆ ಒಂದಕ್ಷರವೂ ಬಿಡದೆ ಓದಲು ಬಂತು. ಜೇಮ್ಸನ್ ಲಾಪ್ ಎಂಬ ಅಮೆರಿಕದ ಎಂಜಿನಿಯರ್ ಇಂಥ ಮಾರುಕಟ್ಟೆಯ ತಗಡುಗಳನ್ನು 2018ರಿಂದ ಬೆಂಕಿ, ಆಮ್ಲ, ಹೈಡ್ರಾಲಿಕ್ ಪ್ರೆಸ್‌ಗೆ ಹಾಕಿ ಪರೀಕ್ಷಿಸುತ್ತಾ ಬಂದಿದ್ದಾರೆ. ಅವರ ಪರೀಕ್ಷೆಯಲ್ಲೂ ಬಿಡಿ ಅಕ್ಷರಗಳನ್ನು ಜೋಡಿಸುವ ಮಾದರಿಗಳು ಬಾಗಿದಾಗ ಅಕ್ಷರ ಉದುರಿಸಿಕೊಂಡವು, ಗಟ್ಟಿ ತಗಡಿಗೆ ನೇರ ಹೊಡೆದವು ಚೆನ್ನಾಗಿ ನಿಂತವು.

ಒಂದು ತಗಡಿನಲ್ಲಿ ಪೂರ್ತಿ ಕೀಲಿ ಇದ್ದರೆ ಕದ್ದವನಿಗೆ ಸಿಗುವುದಿಲ್ಲವೇ, ಮೂರು ತುಂಡು ಮಾಡಿ ಇಡಬಹುದಲ್ಲ ಅಂತ ತಮ್ಮ ಕೇಳಿದ. ಒಳ್ಳೆಯ ಪ್ರಶ್ನೆ, ಆದರೆ ಲೆಕ್ಕ ನೋಡಿ. 12 ಪದವನ್ನು ಮೂರು ತಗಡಿಗೆ ಎಂಟೆಂಟರಂತೆ ಹಂಚಿ, ಯಾವ ಎರಡು ಸಿಕ್ಕರೂ ಪೂರ್ತಿಯಾಗುವಂತೆ ಮಾಡಿದರೆ, ಒಂದೇ ತಗಡು ಸಿಕ್ಕವನಿಗೆ ಬಾಕಿ ಇರುವುದು ನಾಲ್ಕು ಪದ, ಅಂದರೆ 44 ಬಿಟ್. ಪರೀಕ್ಷೆಯ 4 ಬಿಟ್ ಅವನಿಗೇ ಸಹಾಯ ಮಾಡಿ ಅದು 40ಕ್ಕೆ ಇಳಿಯುತ್ತದೆ. ಸುಮಾರು 1.1 ಲಕ್ಷ ಕೋಟಿ ಸಾಧ್ಯತೆ, ಕೇಳಲು ದೊಡ್ಡದು, ಆದರೆ ವಾಲೆಟ್ ಪದಗಳಾದರೆ ಕಂಪ್ಯೂಟರ್‌ಗಳು ಅದನ್ನು ಹುಡುಕಿ ಮುಗಿಸಬಲ್ಲವು. 24 ಪದವಾದರೆ 80 ಬಿಟ್ ಉಳಿಯುತ್ತದೆ, ಅದು ಬೇರೆ ಮಾತು. ನಿಜವಾಗಿ ಹಂಚಲೇಬೇಕು ಅನ್ನುವವರಿಗೆ ಅಡಿ ಶಮೀರ್ 1979ರಲ್ಲೇ ಸರಿಯಾದ ದಾರಿ ತೋರಿಸಿದ್ದಾರೆ. ಅವರ ವಿಧಾನದಲ್ಲಿ ಮೂರರಲ್ಲಿ ಎರಡು ಪಾಲು ಸೇರಿದರೆ ಗುಟ್ಟು ಪೂರ್ತಿ ಸಿಗುತ್ತದೆ, ಒಂದೇ ಪಾಲಿನಿಂದ ಏನೂ ಗೊತ್ತಾಗುವುದಿಲ್ಲ. ಎಸ್‌ಎಲ್‌ಐಪಿ-39 ಅದನ್ನೇ ಪದಗಳಿಗೆ ಹೊಂದಿಸಿದ್ದು, 1024 ಪದದ ಪಟ್ಟಿ, ಒಂದು ಪಾಲಿಗೆ 20 ಅಥವಾ 33 ಪದ. ತುಂಬ ಚೆನ್ನಾಗಿದೆ. ಆದರೆ ಪಾಲುಗಳನ್ನು ಸೇರಿಸಲು ಆ ದಿನ ಸರಿಯಾದ ಸಾಫ್ಟ್‌ವೇರ್ ಬೇಕು, ಅದನ್ನು ನಡೆಸಬೇಕಾದವಳು ನನ್ನ ಅಕ್ಕ. ಅದಕ್ಕೆ ನಾನು ಒಪ್ಪಲಿಲ್ಲ. ನನ್ನ ವಿಷಯದಲ್ಲಿ ತಗಡು ಸಿಕ್ಕರೂ ಡಿಸ್ಕ್ ಇಲ್ಲದೆ ಉಪಯೋಗವಿಲ್ಲ. ತಗಡು ಮತ್ತು ಡಿಸ್ಕ್ ಒಂದೇ ಮನೆಯಲ್ಲಿ ಇರದಂತೆ ನೋಡಿಕೊಂಡರೆ ಸಾಕು. ವಾಲೆಟ್ ಇಟ್ಟುಕೊಂಡವರಿಗೆ ಈ ಅನುಕೂಲ ಇಲ್ಲ, ಅವರಿಗೆ ಪದಗಳೇ ಹಣ, ಅವರು ಶಮೀರ್ ವಿಧಾನವನ್ನು ಖಂಡಿತ ಯೋಚಿಸಬೇಕು.

ತಗಡಿನ ಜೊತೆ ಒಂದು ಕಾಗದ ಹೋಗುತ್ತದೆ, ಕನ್ನಡದಲ್ಲಿ, ಕೈಬರಹದಲ್ಲಿ. ಅದರಲ್ಲಿ ಗುಟ್ಟು ಏನೂ ಇಲ್ಲ. ಇದು ಏನು, ಯಾವ ಡಿಸ್ಕ್‌ನದು, ಡಿಸ್ಕ್ ಎಲ್ಲಿದೆ, ಹೇಗೆ ಟೈಪ್ ಮಾಡಬೇಕು, ಇಷ್ಟೇ. 2048 ಪದಗಳ ಪಟ್ಟಿಯ ಲೇಸರ್ ಪ್ರಿಂಟ್ ಕೂಡ ಇಟ್ಟಿದ್ದೇನೆ. ಕೆಂಪು ಶಾಯಿಯಲ್ಲಿ ಎರಡು ಸಾಲು: ಫೋನಿನಲ್ಲಿ ಫೋಟೊ ತೆಗೆಯಬೇಡಿ, ಯಾವ ವೆಬ್‌ಸೈಟಿನಲ್ಲೂ ಈ ಪದ ಹಾಕಬೇಡಿ. ಫೋಟೊ ತೆಗೆದರೆ ಅದು ತಾನೇ ಕ್ಲೌಡ್‌ಗೆ ಹೋಗಬಹುದು. ಅಷ್ಟೇ ಅಲ್ಲ, ಗ್ಯಾಲರಿಯ ಚಿತ್ರಗಳಲ್ಲಿ ಅಕ್ಷರ ಓದಿ ರಿಕವರಿ ಪದಗಳನ್ನು ಹುಡುಕುವ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶವನ್ನು ಕ್ಯಾಸ್ಪರ್‌ಸ್ಕೈ 2025ರ ಫೆಬ್ರುವರಿಯಲ್ಲಿ ಬಯಲಿಗೆ ತಂದಿತು, ಅದು ಆ್ಯಪಲ್ ಮತ್ತು ಗೂಗಲ್ ಎರಡೂ ಆ್ಯಪ್ ಅಂಗಡಿಗಳೊಳಗೆ ಸೇರಿಕೊಂಡಿತ್ತು.

ಆಮೇಲೆ ಡಿಸ್ಕ್ ಮತ್ತು ಲ್ಯಾಪ್‌ಟಾಪ್ ತೆಗೆದುಕೊಂಡು ಹಾಸನಕ್ಕೆ ಅಕ್ಕನ ಮನೆಗೆ ಹೋದೆ. ತಗಡು, ಕಾಗದ, ಪದಪಟ್ಟಿ ಅವಳ ಮುಂದೆ ಇಟ್ಟು ಸುಮ್ಮನೆ ಕೂತೆ.

“ಲೋ, ಇದೇನೋ ಈ ಸುರುಳಿ ಗುರುತು? ಇದನ್ನೂ ಟೈಪ್ ಮಾಡಬೇಕಾ?”

“ಅಕ್ಕ, ನನ್ನನ್ನ ಕೇಳಬೇಡ. ಕಾಗದದಲ್ಲಿ ಏನಿದೆ ನೋಡು.”

“ಕಾಗದದಲ್ಲಿ ಇಲ್ಲ ಕಣೋ. ಇದ್ದಿದ್ದರೆ ನಿನ್ನ ಯಾಕೆ ಕೇಳ್ತಿದ್ದೆ?”

ಅವಳ ಮಾತು ನ್ಯಾಯ. ಆ ಸಾಲು ಅಲ್ಲೇ ಸೇರಿತು. ಮುಂದೆ ಪದಪಟ್ಟಿ ನೋಡಿ ಹನ್ನೆರಡೂ ಪದ ಸರಿಯಾಗಿ ಹುಡುಕಿದಳು, ಆದರೆ ತಗಡಿನಲ್ಲಿ ಎಲ್ಲ ದೊಡ್ಡಕ್ಷರ ಇದೆ ಅಂತ ದೊಡ್ಡಕ್ಷರದಲ್ಲೇ ಟೈಪ್ ಮಾಡಿದಳು, ಡಿಸ್ಕ್ ತೆರೆಯಲಿಲ್ಲ. ಪಂಚ್ ಸೆಟ್‌ನಲ್ಲಿ ಸಣ್ಣಕ್ಷರ ಇರುವುದಿಲ್ಲ ಅನ್ನುವುದು ಅವಳಿಗೆ ಹೇಗೆ ಗೊತ್ತಾಗಬೇಕು? ಈಗ ಕಾಗದದಲ್ಲಿ ದಪ್ಪಗೆ ಬರೆದಿದೆ: ಎಲ್ಲವೂ ಸಣ್ಣಕ್ಷರ, ಪದ ಪೂರ್ತಿ ಬರೆಯಬೇಕು, ಎರಡು ಪದದ ನಡುವೆ ಒಂದೇ ಸ್ಪೇಸ್, ಕೊನೆಯಲ್ಲಿ ಸ್ಪೇಸ್ ಬೇಡ. ಮತ್ತೆ ಮಾಡಿದಳು, ತೆರೆಯಿತು. ಅಮ್ಮನ ಹಳೆಯ ಫೋಟೊ ಪರದೆಯ ಮೇಲೆ ಬಂದಾಗ ಅವಳಿಗೆ ಆದ ಸಂತೋಷ ನೋಡಿ ನನಗೂ ನೆಮ್ಮದಿಯಾಯಿತು. ನೀವೂ ಬೇರೆ ಯಾವ ಹಂತ ಬಿಟ್ಟರೂ ಇದನ್ನು ಬಿಡಬೇಡಿ.

ಇಟ್ಟ ಜಾಗಗಳು: ಮೊದಲ ಡಿಸ್ಕ್ ಬೆಂಗಳೂರಿನ ಮನೆಯಲ್ಲಿ, ಎರಡನೆಯದು ಮೈಸೂರಿನ ತಮ್ಮನ ಮನೆಯಲ್ಲಿ. ಒಂದು ತಗಡು ಅಕ್ಕನ ಹತ್ತಿರ ಸೀಲ್ ಮಾಡಿದ ಕವರಿನಲ್ಲಿ, ಇನ್ನೊಂದು ಬೆಂಗಳೂರಿನ ಬ್ಯಾಂಕ್ ಲಾಕರಿನಲ್ಲಿ. ಲಾಕರ್ ವಿಷಯದಲ್ಲಿ ಒಂದು ತಿಳಿದಿರಲಿ. 2022ರ ಜನವರಿ 1ರಿಂದ ಜಾರಿಗೆ ಬಂದ ಆರ್‌ಬಿಐ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟು. ಅದು ದುಡ್ಡಿನ ಲೆಕ್ಕ, ಕೀಲಿ ವಾಪಸ್ ಬರುವುದಿಲ್ಲ. ಹಾಗಾಗಿ ಲಾಕರ್ ಒಂದನ್ನೇ ನಂಬುವುದು ಬೇಡ. ನಾಮಿನಿ ಹೆಸರು ಹಾಕಿಸಿ, ಅದನ್ನು ನಾಮಿನಿಗೂ ಹೇಳಿ.

ಲಕ್ಸ್ ಬಳಸುವವರಿಗೆ ಕೊನೆಯ ಒಂದು ಎಚ್ಚರಿಕೆ. ಡಿಸ್ಕ್‌ನ ಶುರುವಿನಲ್ಲಿ ಹೆಡರ್ ಎಂಬ ಭಾಗ ಇರುತ್ತದೆ, ಲಕ್ಸ್‌-2ರಲ್ಲಿ ಸಾಮಾನ್ಯವಾಗಿ 16 ಎಂ.ಬಿ. ಅದು ಹಾಳಾದರೆ ಹನ್ನೆರಡು ಪದ ಕೈಯಲ್ಲಿದ್ದರೂ ಡಿಸ್ಕ್ ತೆರೆಯುವುದಿಲ್ಲ. ಲಕ್ಸ್‌ಹೆಡರ್‌ಬ್ಯಾಕಪ್ ಆದೇಶದಿಂದ ಅದರ ಪ್ರತಿ ತೆಗೆದು, ಒಂದು ಡಿಸ್ಕ್‌ನ ಹೆಡರನ್ನು ಇನ್ನೊಂದರೊಳಗೆ ಇಟ್ಟಿದ್ದೇನೆ. ಮುಂದೆ ಎಂದಾದರೂ ತಗಡು ಕಳೆದುಹೋದರೆ ಲಕ್ಸ್‌ಕಿಲ್‌ಸ್ಲಾಟ್‌ನಿಂದ ಆ ಕೀಲಿಯನ್ನು ಅಳಿಸಿದರೆ ಮಾತ್ರ ಸಾಲದು, ಹಳೆಯ ಹೆಡರ್ ಪ್ರತಿಯಲ್ಲಿ ಹಳೆಯ ಕೀಲಿ ಇನ್ನೂ ಬದುಕಿರುತ್ತದೆ. ಆ ಪ್ರತಿಯನ್ನೂ ಅಳಿಸಿ ಹೊಸದು ತೆಗೆಯಬೇಕು. ಉಳಿದ ಹಳೆಯ ತಗಡನ್ನು ಗುಜರಿಗೆ ಹಾಕುವ ಮುಂಚೆ ಗ್ರೈಂಡರ್‌ನಿಂದ ಅಕ್ಷರ ಪೂರ್ತಿ ಹೋಗುವಂತೆ ಉಜ್ಜಿ.